ಎರಡು ಸಲ ಬಂದ ಹಾಳೆ

ಮೊದಲು ಅನುಕ್ರಮವನ್ನು ಹೇಳುತ್ತೇನೆ. ಫೆಬ್ರವರಿಯ ಮೊದಲ ಶನಿವಾರ ನಾನು ಥಾಣೆ ಸ್ಟೇಷನ್ ಬಳಿಯ ಸ್ಪೋಕನ್ ಇಂಗ್ಲಿಷ್ ಕ್ಲಾಸಿಗೆ ಸೇರಿದೆ. ಅದೇ ದಿನ ಸೌಜನ್ಯಳ ಪರಿಚಯವಾಯಿತು. ಮಾರ್ಚ್ ತಿಂಗಳ ಒಂದು ಭಾನುವಾರ ಬೆಳಿಗ್ಗೆ, ಅಪ್ಪನ ಬಗ್ಗೆ ಯಾರಿಗೂ ಹೇಳದೆ ಇಟ್ಟುಕೊಂಡಿದ್ದ ಒಂದು ವಿಷಯವನ್ನು ನಾನು ಅವಳಿಗೆ ಫೋನಿನಲ್ಲಿ, ಇಂಗ್ಲಿಷಿನಲ್ಲಿ ಹೇಳಿದೆ. ಮೇ ಕೊನೆಯಲ್ಲಿ ಕ್ಲಾಸು ಮುಗಿಯಿತು. ಆಗಸ್ಟ್‌ನಲ್ಲಿ ಅಪ್ಪನನ್ನು ಕರೆದುಕೊಂಡು ಕಲ್ಯಾಣಕ್ಕೆ ಹೋದೆ. ಈ ಕ್ರಮದಲ್ಲಿ ಒಂದು ಹಿಂದುಮುಂದಾಗಿದ್ದರೂ ಫಲಿತಾಂಶ ಬೇರೆಯಾಗುತ್ತಿತ್ತು.

ನನ್ನ ಹೆಸರು ಅಶ್ಮಿತಾ. ರಸಾಯನಶಾಸ್ತ್ರದಲ್ಲಿ ಎಂ.ಎಸ್ಸಿ. ಮುಗಿಸಿ, ರಬಾಳೆಯ ಒಂದು ಔಷಧ ಕಂಪನಿಯ ಪರೀಕ್ಷಾ ಪ್ರಯೋಗಾಲಯದಲ್ಲಿ ಕೆಲಸಕ್ಕಿದ್ದೇನೆ. ಹತ್ತನೆಯ ತರಗತಿಯವರೆಗೆ ಕನ್ನಡ ಮಾಧ್ಯಮದಲ್ಲಿ ಓದಿದವಳು. ಇಂಗ್ಲಿಷನ್ನು ಓದಬಲ್ಲೆ, ಬರೆಯಬಲ್ಲೆ. ನನ್ನ ವರದಿಗಳಲ್ಲಿ ತಪ್ಪು ಸಿಗುವುದು ಅಪರೂಪ. ಆದರೆ ಆಡಿಟ್‌ಗೆ ಬಂದವರು ಎದುರು ನಿಂತು ಇದನ್ನು ಹೇಗೆ ಮಾಡಿದಿರಿ ಎಂದು ಇಂಗ್ಲಿಷಿನಲ್ಲಿ ಕೇಳಿದರೆ ನನಗೆ ಒಂದು ವಾಕ್ಯವೂ ಹೊರಡುತ್ತಿರಲಿಲ್ಲ. ಪಕ್ಕದ ಟೇಬಲ್ಲಿನವನು ನನ್ನ ಕೆಲಸವನ್ನು ವಿವರಿಸುತ್ತಿದ್ದ, ನಾನು ತಲೆಯಾಡಿಸುತ್ತಿದ್ದೆ. ಕ್ಲಾಸಿಗೆ ಸೇರಿದ್ದು ಈ ಕಾರಣಕ್ಕೆ.

ಕ್ಲಾಸು ನಡೆಸುತ್ತಿದ್ದವರು ಕಶ್ಯಪ ಸರ್, ಮೈಸೂರಿನವರು. ವಾರಕ್ಕೊಂದು ಇಂಗ್ಲಿಷ್ ನುಡಿಗಟ್ಟು ಕೊಡುತ್ತಿದ್ದರು. ಅದನ್ನು ನಮ್ಮ ಬದುಕಿನ ಒಂದು ನಿಜವಾದ ಘಟನೆಗೆ ಹೊಂದಿಸಿ ಎದ್ದುನಿಂತು ಹೇಳಬೇಕು. ಕಲ್ಪಿಸಿದ ಉದಾಹರಣೆ ನಡೆಯದು.

"ಪುಸ್ತಕದ ಉದಾಹರಣೆ ಪುಸ್ತಕದಲ್ಲೇ ಉಳ್ಕೊಳ್ಳುತ್ತೆ ಕಣ್ರಿ," ಎನ್ನುತ್ತಿದ್ದರು. "ನಿಮ್ಮ ಮನೇದು ಹೇಳಿ, ಸಾಯೋತನಕ ಮರೆಯಲ್ಲ. ಇಲ್ಲಿ ಹೇಳಿದ್ದು ಈ ರೂಮಿನಿಂದ ಆಚೆ ಹೋಗಲ್ಲ."

ಮೊದಲ ದಿನ ಯಾರೂ ಎದ್ದು ನಿಲ್ಲಲಿಲ್ಲ. ಫ್ಯಾನಿನ ಸದ್ದೊಂದೇ. ಆಗ ನನ್ನ ಪಕ್ಕದಲ್ಲಿದ್ದ ಹುಡುಗಿ ಬೆಂಚನ್ನು ಹಿಡಿದುಕೊಂಡು ಎದ್ದಳು. "ಮೈ ನೇಮ್ ಈಸ್ ಸೌಜನ್ಯ. ಐ ಆಮ್ ಕಮಿಂಗ್ ಫ್ರಮ್ ಡೊಂಬಿವಲಿ," ಎಂದಳು. ತನ್ನ ಅಣ್ಣ ಊಟಕ್ಕೆ ಕೂತಾಗಲೆಲ್ಲ ತನ್ನ ಇಂಗ್ಲಿಷನ್ನು ಅಣಕಿಸಿ ಎಲ್ಲರನ್ನೂ ನಗಿಸುತ್ತಾನೆ, ಅದಕ್ಕೆ ತಾನು ತಟ್ಟೆ ತೆಗೆದುಕೊಂಡು ಅಡುಗೆಮನೆಗೆ ಹೋಗಿ ಉಣ್ಣುತ್ತೇನೆ ಎಂದು ಮುರಿದ ಇಂಗ್ಲಿಷಿನಲ್ಲಿ ಹೇಳಿದಳು. ಅರ್ಧದಲ್ಲಿ ಅವಳ ದನಿ ನಡುಗಿತು. ಅವಳು ಅಷ್ಟು ತಪ್ಪು ಮಾತನಾಡಿಯೂ ನಗೆಪಾಟಲಾಗದೆ ಕೂತಿದ್ದನ್ನು ನೋಡಿ ನಾನು ಎರಡನೆಯವಳಾಗಿ ಎದ್ದೆ. ಜೀವನದಲ್ಲಿ ಮೊದಲ ಬಾರಿ ಅಪರಿಚಿತರ ಎದುರು ಇಂಗ್ಲಿಷ್ ಮಾತನಾಡಿದೆ. 'ದಿ' ಎನ್ನುವಲ್ಲೆಲ್ಲ ನಾನು ಗಂಟಲನ್ನು ಬೆರಳಿನಿಂದ ಮುಟ್ಟಿಕೊಳ್ಳುತ್ತೇನೆ ಎಂದು ಆಮೇಲೆ ಅವಳೇ ತೋರಿಸಿಕೊಟ್ಟಳು.

"ಯಾಕ ಹಂಗ ಗಂಟಲಾ ಮುಟ್ಟಿ ನೋಡ್ತಿ? ಒಳಗ ಮೀನಿನ ಮುಳ್ಳು ಸಿಕ್ಕೊಂಡದೇನು?" ಎಂದಳು, ಮೆಟ್ಟಿಲಿಳಿಯುತ್ತ. ಅವಳ ಮನೆಯವರು ಹುಬ್ಬಳ್ಳಿ ಕಡೆಯವರು.

"ನಮ್ಮ ಕರಾವಳಿಯವರಿಗೆ ಮುಳ್ಳು ಸಿಕ್ಕಿಕೊಳ್ಳುವುದಿಲ್ಲ ಮಾರಾಯ್ತಿ, ಅದು ನಿಮ್ಮಂಥ ರೊಟ್ಟಿಯವರಿಗೆ," ಎಂದೆ.

ಆ ದಿನದಿಂದ ನಾವು ಗೆಳತಿಯರು. ಅವಳಿಗೆ ವಾಶಿಯಲ್ಲಿ ಯಾವುದೋ ಆಫೀಸು. ಡೊಂಬಿವಲಿಯಿಂದ ಬಂದು ಥಾಣೆಯಲ್ಲಿ ಗಾಡಿ ಬದಲಿಸುತ್ತಿದ್ದಳು. ವಾಶಿ ಲೋಕಲ್ಲಿನ ಲೇಡೀಸ್ ಡಬ್ಬಿಯಲ್ಲಿ ಥಾಣೆಯಿಂದ ರಬಾಳೆ ಬರುವವರೆಗೆ ಇಂಗ್ಲಿಷ್ ಬಿಟ್ಟು ಬೇರೆ ಮಾತಿಲ್ಲ ಎಂದು ನಮ್ಮಿಬ್ಬರಲ್ಲಿ ಒಪ್ಪಂದವಾಯಿತು. ಕಿಟಕಿ ಪಕ್ಕದ ಜಾಗ ನನಗೆ ಸಿಕ್ಕಿದರೆ ನಾನು ಅವಳಿಗೆ ಬಿಟ್ಟುಕೊಡುತ್ತಿದ್ದೆ. ಅಣ್ಣನ ಮನೆಯಲ್ಲಿ ನೆಮ್ಮದಿಯಾಗಿ ಊಟ ಮಾಡಲಾಗದವಳು ಇಲ್ಲಾದರೂ ಗಾಳಿಗೆ ಕೂರಲಿ ಎಂಬುದು ನನ್ನ ಲೆಕ್ಕ. ಅವಳ ಇಂಗ್ಲಿಷ್ ವಾರದಿಂದ ವಾರಕ್ಕೆ ಒಂದೇ ಹದದಲ್ಲಿ ಸುಧಾರಿಸಿತು. ಒಂದು ವಾರ ಕ್ರಿಯಾಪದ ಸರಿಯಾಯಿತು, ಮರುವಾರ ಭೂತಕಾಲ. ನನ್ನದು ಎರಡು ಹೆಜ್ಜೆ ಮುಂದಕ್ಕೆ ಹೋಗಿ ಒಂದು ಹೆಜ್ಜೆ ಹಿಂದಕ್ಕೆ ಬರುತ್ತಿತ್ತು. ಪ್ರಯೋಗಾಲಯದಲ್ಲಿ ಅಷ್ಟು ನೇರವಾದ ರೇಖೆ ಬಂದರೆ ನಾನು ಉಪಕರಣವನ್ನು ಅನುಮಾನಿಸುತ್ತೇನೆ. ಗೆಳತಿಯ ವಿಷಯದಲ್ಲಿ ಅದು ಹೊಳೆಯಲಿಲ್ಲ.

ಇಂಗ್ಲಿಷಿನಲ್ಲಿ ಇನ್ನೊಂದು ಅನುಕೂಲವೂ ಇತ್ತು. ಕೆಲವು ವಿಷಯಗಳನ್ನು ಕನ್ನಡದಲ್ಲಿ ಹೇಳಿದರೆ ದೂರು ಹೇಳಿದಂತಾಗುತ್ತದೆ. ತುಳುವಿನಲ್ಲಿ ಹೇಳಿದರೆ ಅಮ್ಮನ ಕಿವಿಗೆ ಬೀಳುತ್ತದೆ. ಇಂಗ್ಲಿಷಿನಲ್ಲಿ ಹೇಳಿದ್ದು ಬರೇ ಅಭ್ಯಾಸ ಎನಿಸುತ್ತಿತ್ತು. ಹಾಗಾಗಿ ಬೇರೆಲ್ಲೂ ಹೇಳದ್ದನ್ನು ನಾನು ಅವಳಿಗೆ ಹೇಳುತ್ತ ಹೋದೆ.

ಅಪ್ಪನ ವಿಷಯವೂ ಹಾಗೆಯೇ ಬಂತು.

ನನ್ನ ಅಪ್ಪ ಶಂಭು ಶೆಟ್ಟಿ, ಥಾಣೆಯಲ್ಲಿ ನಮ್ಮ ಮನೆಯಿರುವ ವರ್ತಕ ನಗರದ ಒಂದು ಹೋಟೆಲಿನ ಮ್ಯಾನೇಜರ್. ಕಾರ್ಕಳದ ಹತ್ತಿರದ ಹಳ್ಳಿಯಲ್ಲಿ ಐದನೆಯ ತರಗತಿ ಮುಗಿಸಿ ಮುಂಬಯಿಗೆ ಬಂದವರು. ಮದುವೆಗೆ ಮೊದಲು ಮತ್ತು ನಾನು ಹುಟ್ಟುವವರೆಗೆ ಮುಂಬಯಿಯ ಕೋಟೆ, ಅಂದರೆ ಫೋರ್ಟ್ ಪ್ರದೇಶದ ವಕೀಲರ ಕಚೇರಿಗಳ ನಡುವಿನ ಹೋಟೆಲೊಂದರಲ್ಲಿ ಟೇಬಲ್ ನೋಡಿಕೊಳ್ಳುತ್ತಿದ್ದರು. ಈಗ ಕೌಂಟರಿನಲ್ಲಿ ಕೂರುತ್ತಾರೆ. ಕನ್ನಡ ಓದುತ್ತಾರೆ, ಮರಾಠಿ ಬೋರ್ಡು ಓದುತ್ತಾರೆ. ನಮ್ಮ ಮನೆಗೆ ಎರಡು ಪೇಪರ್ ಬರುತ್ತವೆ. ಕನ್ನಡದ್ದನ್ನು ಅಮ್ಮ ತೆಗೆದುಕೊಳ್ಳುತ್ತಾಳೆ, ಇಂಗ್ಲಿಷಿನದನ್ನು ಅಪ್ಪ. ಬೆಳಿಗ್ಗೆ ಮುಂದಿನ ಕೋಣೆಯ ಕುರ್ಚಿಯಲ್ಲಿ ಕೂತು, ಕನ್ನಡಕ ಹಾಕಿ, ಮೊದಲ ಪುಟದಿಂದ ಕೊನೆಯ ಪುಟದವರೆಗೆ ಒಂದೊಂದಾಗಿ ತಿರುವುತ್ತಾರೆ. ಆ ಹೊತ್ತಿನಲ್ಲಿ ಅವರನ್ನು ಯಾರೂ ಮಾತನಾಡಿಸುವುದಿಲ್ಲ.

ನಾನು ಆರನೆಯ ತರಗತಿಯಲ್ಲಿದ್ದಾಗ ಒಂದು ದಿನ ಪೇಪರಿನಲ್ಲಿ ಅಚ್ಚಿನ ತಪ್ಪಾಗಿ ಒಂದೇ ಹಾಳೆ ಎರಡು ಸಲ ಬಂದಿತ್ತು. ಅದೇ ಚಿತ್ರ, ಅದೇ ಜಾಹೀರಾತು, ಒಂದರ ಹಿಂದೆ ಒಂದು. ನಾನು ನೆಲದ ಮೇಲೆ ಕೂತು ಮನೆಗೆಲಸ ಬರೆಯುತ್ತಿದ್ದೆ. ಅಪ್ಪ ಮೊದಲ ಹಾಳೆಯ ಮೇಲೆ ಎಷ್ಟು ಹೊತ್ತು ಕಣ್ಣಾಡಿಸಿದರೋ ಎರಡನೆಯದರ ಮೇಲೂ ಅಷ್ಟೇ ಹೊತ್ತು ಕಣ್ಣಾಡಿಸಿದರು. ಅಕ್ಷರಗಳ ಮೇಲೆ ಎಡದಿಂದ ಬಲಕ್ಕೆ, ಮತ್ತೆ ಎಡದಿಂದ ಬಲಕ್ಕೆ. ಹಾಳೆ ಮರುಕಳಿಸಿದ್ದು ಅವರಿಗೆ ತಿಳಿಯಲಿಲ್ಲ. ನನಗೆ ತಿಳಿಯಿತು. ಅಂದಿನಿಂದ ನಾನು ಅವರ ಪೇಪರಿನ ಹೊತ್ತನ್ನು ಅಮ್ಮನಿಗಿಂತ ಹೆಚ್ಚು ಕಾಪಾಡಿಕೊಂಡು ಬಂದೆ. ಇಂಗ್ಲಿಷಿನ ಕಾಗದ ಮನೆಗೆ ಬಂದರೆ ಅವರ ಕೈಗೆ ಸಿಗುವ ಮೊದಲೇ ತೆಗೆದು, "ಬ್ಯಾಂಕಿನದು, ನಾನು ನೋಡ್ತೇನೆ" ಎನ್ನುತ್ತಿದ್ದೆ. ಅವರು ಓದಲಾರರು ಎಂಬುದು ನನಗೆ ಗೊತ್ತಿದೆ ಎಂಬುದು ಅವರಿಗೆ ಗೊತ್ತಾಗಬಾರದು. ನನ್ನ ಬಾಲ್ಯದ ಅತ್ಯಂತ ಅಚ್ಚುಕಟ್ಟಾದ ಕೆಲಸವೆಂದರೆ ಇದೇ.

ಮಾರ್ಚ್‌ನ ಆ ವಾರ ಕಶ್ಯಪ ಸರ್ ಕೊಟ್ಟ ನುಡಿಗಟ್ಟು 'ಟರ್ನ್ ಅ ಬ್ಲೈಂಡ್ ಐ'. ಕಂಡೂ ಕಾಣದಂತಿರುವುದು. ನನ್ನ ಬಳಿ ಇದ್ದ ನಿಜ ಘಟನೆ ಇದೊಂದೇ. ಕ್ಲಾಸಿನಲ್ಲಿ ಹೇಳಲು ಮನಸ್ಸಾಗಲಿಲ್ಲ; ಬೇರೆ ಏನೋ ಹೇಳಿದೆ. ಆದರೆ ಆ ಭಾನುವಾರ ಸೌಜನ್ಯ ಅಭ್ಯಾಸಕ್ಕೆಂದು ಫೋನ್ ಮಾಡಿದಾಗ ನಾನು ಮುಂದಿನ ಕೋಣೆಯಲ್ಲಿ ಲ್ಯಾಬಿನ ಬಿಳಿ ಕೋಟಿಗೆ ಇಸ್ತ್ರಿ ಹಾಕುತ್ತಿದ್ದೆ. ಪ್ಲಗ್ ಇರುವುದು ಅಲ್ಲಿ ಮಾತ್ರ. ಎರಡೂ ಕೈ ಕೆಲಸದಲ್ಲಿದ್ದುದರಿಂದ ಫೋನನ್ನು ಸ್ಪೀಕರಿಗೆ ಹಾಕಿ ಮೇಜಿನ ಮೇಲಿಟ್ಟೆ. ಅಪ್ಪ ಕುರ್ಚಿಯಲ್ಲಿ ಪೇಪರ್ ಹಿಡಿದು ಕೂತಿದ್ದರು. ಇಂಗ್ಲಿಷಿನಲ್ಲವೇ ಮಾತು ಎಂದು ನಾನು ಎಲ್ಲವನ್ನೂ ಹೇಳಿದೆ: ಕುರ್ಚಿ, ಕನ್ನಡಕ, ಎರಡು ಸಲ ಬಂದ ಹಾಳೆ.

"ಹೀ ನೋಸ್ ದಟ್ ಯೂ ನೋ?" ಎಂದು ಸೌಜನ್ಯಳ ದನಿ ಮೇಜಿನಿಂದ ಕೇಳಿತು.

"ನೆವರ್," ಎಂದೆ. ಎಂದೂ ಇಲ್ಲ. ನಾನು ಕಂಡೂ ಕಾಣದವಳಂತೆ ಇದ್ದೇನೆ ಎಂದು, ಆ ವಾರದ ನುಡಿಗಟ್ಟನ್ನು ತಪ್ಪಿಲ್ಲದೆ ಬಳಸಿ ಹೇಳಿದೆ. ಬಳಸಿದ್ದಕ್ಕೆ ಸಂತೋಷವೂ ಆಯಿತು.

ಅಪ್ಪ ಪುಟ ತಿರುವಿದರು. ಸ್ವಲ್ಪ ಹೊತ್ತಿಗೆ ಪೇಪರ್ ಮಡಚಿ ಸ್ನಾನಕ್ಕೆ ಎದ್ದರು. ಮರುದಿನದಿಂದ ಅವರು ಪೇಪರನ್ನು ಬಾಲ್ಕನಿಗೆ ಒಯ್ದು, ಬಟ್ಟೆ ಒಣಗಿಸುವ ಹಗ್ಗದ ಕೆಳಗಿನ ಸ್ಟೂಲಿನಲ್ಲಿ ಕೂರತೊಡಗಿದರು. ಅಮ್ಮ ಕೇಳಿದ್ದಕ್ಕೆ, "ಒಳಗೆ ಸೆಖೆ," ಎಂದರು. ಮಾರ್ಚ್ ತಿಂಗಳು, ಸೆಖೆ ಇತ್ತು.

ಜೂನ್‌ನಲ್ಲಿ ಆಡಿಟ್ ಬಂತು. ಈ ಬಾರಿ ನನ್ನ ಟೇಬಲ್ಲಿನ ಪ್ರಶ್ನೆಗಳಿಗೆ ನಾನೇ ಉತ್ತರ ಕೊಟ್ಟೆ. ಪಕ್ಕದವನು ಸುಮ್ಮನೆ ನಿಂತಿದ್ದ. ಸಂಜೆ ಸೌಜನ್ಯಳಿಗೆ ಥಾಣೆ ಪ್ಲಾಟ್‌ಫಾರ್ಮಿನಲ್ಲಿ ಪೇಢೆಯ ಡಬ್ಬಿ ಕೊಟ್ಟೆ. "ಇದು ನಿನ್ನದು. ಮೊದಲ ದಿನ ನೀನು ಎದ್ದು ನಿಲ್ಲದಿದ್ದರೆ ನಾನು ಇವತ್ತಿಗೂ ಬಾಯಿ ಬಿಡ್ತಿರಲಿಲ್ಲ," ಎಂದೆ. ಅವಳು ಡಬ್ಬಿಯನ್ನು ಎರಡೂ ಕೈಯಲ್ಲಿ ಹಿಡಿದು ಒಂದು ಕ್ಷಣ ನನ್ನನ್ನು ನೋಡಿ, "ಹುಚ್ಚಿ," ಎಂದಳು.

ಜುಲೈಯಲ್ಲಿ ಅಪ್ಪನ ಹೋಟೆಲಿನ ಮಾಲೀಕರು ಕೌಂಟರಿಗೆ ಹೊಸ ಬಿಲ್ಲಿಂಗ್ ಯಂತ್ರ ತರಿಸುವುದಾಗಿ ಹೇಳಿದರು. ಪರದೆಯಲ್ಲಿ ಎಲ್ಲವೂ ಇಂಗ್ಲಿಷಿನಲ್ಲಿ. ದೀಪಾವಳಿಗೆ ಯಂತ್ರ ಬರುತ್ತದೆ. ಅಪ್ಪನಿಗೆ ಕಷ್ಟವಾದರೆ ಕೌಂಟರಿಗೆ ತಮ್ಮ ಅಳಿಯನನ್ನು ಕೂರಿಸಿ ಅಪ್ಪನನ್ನು ಒಳಗೆ ಸಾಮಾನಿನ ಕೋಣೆಗೆ ಹಾಕುತ್ತೇನೆ ಎಂದರಂತೆ. ಅಪ್ಪ ಇದನ್ನು ಊಟದ ಹೊತ್ತಿನಲ್ಲಿ, ಹವಾಮಾನದ ವಿಷಯ ಹೇಳುವಂತೆ ಹೇಳಿದರು. ಕೌಂಟರಿನ ಹಿಂದಿನ ಆ ಕುರ್ಚಿ ಅವರಿಗೆ ಏನು ಎಂಬುದು ನನಗೆ ಗೊತ್ತಿತ್ತು. ಊರಿನಿಂದ ಬಂದವರೆಲ್ಲ ಅವರನ್ನು ನೋಡುವುದು ಅಲ್ಲಿಯೇ.

ಅದೇ ವಾರ ಕಶ್ಯಪ ಸರ್ ಗುಂಪಿಗೆ ಸಂದೇಶ ಕಳುಹಿಸಿದರು. ಕಲ್ಯಾಣದಲ್ಲಿ ಹೊಸ ಶಾಖೆ, ಕನ್ನಡಿಗರಿಗೆಂದೇ ಒಂದು ಬ್ಯಾಚ್, ಹಿರಿಯರಿಗೆ ಅಕ್ಷರದಿಂದ ಆರಂಭ. ಆಗಸ್ಟ್ ತಿಂಗಳ ಮೊದಲ ಭಾನುವಾರ ಉಚಿತ ಡೆಮೊ. ವರ್ತಕ ನಗರದಿಂದ ಕಲ್ಯಾಣ ದೂರ. ನನಗೆ ಬೇಕಾದದ್ದು ಆ ದೂರವೇ. ಅಲ್ಲಿ ಅಪ್ಪನನ್ನು ಗುರುತಿಸುವವರು ಯಾರೂ ಇರುವುದಿಲ್ಲ.

ಅಪ್ಪನಿಗೆ ಹೇಗೆ ಹೇಳಬೇಕೆಂದು ವಾರವಿಡೀ ವಾಕ್ಯಗಳನ್ನು ಜೋಡಿಸಿದೆ. ಕಲಿಯುವುದು ಎನ್ನಬಾರದು. ಕೊನೆಗೆ ಬಾಲ್ಕನಿಗೆ ಹೋಗಿ, "ಅಪ್ಪ, ಆ ಯಂತ್ರಕ್ಕೆ ಸ್ವಲ್ಪ ಸ್ಪೆಲ್ಲಿಂಗ್ ರಿವಿಷನ್ ಮಾಡಿದ್ರೆ ಒಳ್ಳೆಯದಲ್ವಾ? ನಮ್ಮ ಸರ್ ಹತ್ರ ಒಂದು ಬ್ಯಾಚ್ ಉಂಟು. ಕಲ್ಯಾಣದಲ್ಲಿ," ಎಂದೆ.

ಅವರು ಪೇಪರ್ ಇಳಿಸಿ ನನ್ನನ್ನು ನೋಡಿದರು. ನಾನು ಮುಂದಿನ ಮೂರು ವಾದಗಳನ್ನು ಸಿದ್ಧವಾಗಿಟ್ಟುಕೊಂಡಿದ್ದೆ. ಒಂದೂ ಬೇಕಾಗಲಿಲ್ಲ.

"ಆಯ್ತು, ಬರ್ತೇನೆ. ನೀನು ಹೇಳಿದ ಮೇಲೆ ಮತ್ತೆಂತ," ಎಂದರು. ಪೇಪರಿನ ಅಂಚನ್ನು ಸರಿಮಾಡುತ್ತ, "ಬೇರೆ ಯಾರಿಗೂ ಹೇಳ್ಬೇಡ ಮಗಾ."

"ಇಲ್ಲ ಅಪ್ಪ. ನಾನು ಯಾರಿಗೂ ಹೇಳುವುದಿಲ್ಲ."

"ಸರಿ," ಎಂದು ಪೇಪರ್ ಎತ್ತಿಕೊಂಡರು.

ಅಮ್ಮ ಜಯಲತಾ ಅಡುಗೆಮನೆಯಿಂದ, "ಅಪ್ಪ ಮಗಳು ಎಂತ ಗುಸುಗುಸು? ಭಾನುವಾರ ಬಂಗುಡೆ ತರುವವರು ಯಾರು ಹಾಗಾದ್ರೆ?" ಎಂದು ಕೂಗಿದಳು. ಕಲ್ಯಾಣದಲ್ಲಿ ನನ್ನ ಕ್ಲಾಸಿನವರ ಒಂದು ಕಾರ್ಯಕ್ರಮ ಎಂದೆ. ಸೌಜನ್ಯಳಿಗೆ ಆ ಭಾನುವಾರ ಬಿಡುವಿದೆಯಾ ಎಂದಷ್ಟೇ ಕೇಳಿದ್ದೆ. ವಾಶಿಯಲ್ಲಿ ಸೋದರತ್ತೆಯ ಮನೆಯಲ್ಲಿ ಪೂಜೆ, ಬಿಡುವಿಲ್ಲ ಎಂದಿದ್ದಳು. ಕಲ್ಯಾಣಕ್ಕೆ ಹೋಗುವುದನ್ನಾಗಲಿ ಅಪ್ಪನನ್ನು ಕರೆದೊಯ್ಯುವುದನ್ನಾಗಲಿ ಅವಳಿಗೆ ಹೇಳಲಿಲ್ಲ. ಅಪ್ಪನಿಗೆ ಕೊಟ್ಟ ಮಾತನ್ನು ಅಷ್ಟರಮಟ್ಟಿಗೆ ಉಳಿಸಿಕೊಂಡೆ.

ಅಂದು ಗಾಡಿ ತಡವಾಯಿತು. ನಾವು ಕಲ್ಯಾಣ ಸ್ಟೇಷನ್ನಿನಿಂದ ನಡೆದು ಎರಡನೆಯ ಮಹಡಿಯ ಆ ಹಾಲ್ ತಲುಪಿದಾಗ ಡೆಮೊ ಶುರುವಾಗಿತ್ತು. ಬಾಗಿಲ ಪಕ್ಕದ ಕೊನೆಯ ಸಾಲಿನಲ್ಲಿ ಎರಡು ಪ್ಲಾಸ್ಟಿಕ್ ಕುರ್ಚಿ ಖಾಲಿ ಇದ್ದವು. ಅಪ್ಪ ಇಸ್ತ್ರಿ ಮಾಡಿದ ಬಿಳಿ ಅಂಗಿ ಹಾಕಿದ್ದರು, ಜೇಬಿನಲ್ಲಿ ಹೊಸ ಪೆನ್ನು. ಮುಂದೆ ಹೆಚ್ಚಾಗಿ ನಡುವಯಸ್ಸಿನವರು, ಹೋಟೆಲಿನವರು, ಅಂಗಡಿಯವರು, ಇಬ್ಬರು ಗೃಹಿಣಿಯರು. ಕಶ್ಯಪ ಸರ್ ಅದೇ ಮಾತು ಹೇಳುತ್ತಿದ್ದರು: ಈ ರೂಮಿನಿಂದ ಆಚೆ ಹೋಗಲ್ಲ. ಯಾರಾದರೂ ಎದ್ದು ನಾಲ್ಕು ವಾಕ್ಯ ಇಂಗ್ಲಿಷಿನಲ್ಲಿ ಹೇಳಿ, ತಪ್ಪಾದರೂ ಆಗಲಿ, ಆಮೇಲೆ ನಾನು ಕನ್ನಡದಲ್ಲಿ ಬಿಡಿಸಿ ಹೇಳುತ್ತೇನೆ.

ಯಾರೂ ಏಳಲಿಲ್ಲ. ಫ್ಯಾನಿನ ಸದ್ದು. ಆಗ ಮೂರನೆಯ ಸಾಲಿನಲ್ಲಿ ಒಬ್ಬಳು ಮುಂದಿನ ಕುರ್ಚಿಯ ಬೆನ್ನನ್ನು ಹಿಡಿದುಕೊಂಡು ಎದ್ದಳು. ಎಣ್ಣೆ ಹಚ್ಚಿ ಬಿಗಿಯಾಗಿ ಹೆಣೆದ ಜಡೆ. "ಮೈ ನೇಮ್ ಈಸ್ ಕಾಂಚನಾ," ಎಂದಳು. "ಐ ಆಮ್ ಕಮಿಂಗ್ ಫ್ರಮ್ ಉಲ್ಲಾಸನಗರ."

ದನಿ ಸೌಜನ್ಯಳದು. ಬದಿಯಿಂದ ಕಂಡ ಮುಖವೂ ಅವಳದೇ. ನನಗೆ ಮೊದಲು ಬಂದ ಆಲೋಚನೆ, ಇದು ನನ್ನನ್ನು ನಗಿಸಲು ಮಾಡುತ್ತಿರುವ ತಮಾಷೆ ಎಂದು. ಆದರೆ ನಾನು ಬಂದಿರುವುದೇ ಅವಳಿಗೆ ಕಂಡಿರಲಿಲ್ಲ.

"ಮೈ ಫಾದರ್ ಈಸ್ ವರ್ಕಿಂಗ್ ಇನ್ ಹೋಟೆಲ್," ಎಂದಳು. "ಎವೆರಿ ಮಾರ್ನಿಂಗ್ ಹೀ ಈಸ್ ಹೋಲ್ಡಿಂಗ್ ದಿ ಇಂಗ್ಲಿಷ್ ಪೇಪರ್." 'ದಿ' ಎನ್ನುವ ಮೊದಲು ಅವಳ ಬೆರಳು ಗಂಟಲಿಗೆ ಹೋಯಿತು. ಅದು ನನ್ನ ಬೆರಳು. ಆ ತಡೆ, ಆ ಉಸಿರು, ತಪ್ಪಾದ ಮೇಲೆ ಕಣ್ಣನ್ನು ಒಮ್ಮೆ ಮುಚ್ಚಿ ತೆರೆಯುವುದು ಎಲ್ಲವೂ ನನ್ನವು, ಫೆಬ್ರವರಿಯವು. ಅವಳು ಅವನ್ನು ಒಂದೂ ಬೀಳದಂತೆ ಎತ್ತಿಟ್ಟುಕೊಂಡಿದ್ದಳು. ತನ್ನ ಅಪ್ಪನಿಗೆ ಓದಲು ಬರುವುದಿಲ್ಲ, ಅದು ತನಗೆ ಗೊತ್ತಿದೆ, ಗೊತ್ತಿರುವುದು ಅಪ್ಪನಿಗೆ ಗೊತ್ತಿಲ್ಲ ಎಂದು ಹೇಳಿದಳು. ಕೊನೆಗೆ ನನ್ನದಲ್ಲದ ಒಂದನ್ನು ಸೇರಿಸಿದಳು: ಒಂದು ದಿನ ಪೇಪರ್ ಅಪ್‌ಸೈಡ್ ಡೌನ್ ಇತ್ತು, ಆದರೂ ಅವರು ಓದುತ್ತಲೇ ಇದ್ದರು. ಎರಡು ಸಲ ಬಂದ ಹಾಳೆಯನ್ನು ವಿವರಿಸುವುದು ಉದ್ದವಾಗುತ್ತದೆ. ಇದು ಚಿಕ್ಕದು, ಬೇಗ ಮುಟ್ಟುತ್ತದೆ.

"ಐ ಟರ್ನ್ ಬ್ಲೈಂಡ್ ಐ," ಎಂದು ಹೇಳಿ ದನಿ ನಡುಗಿಸಿದಳು.

ನನ್ನ ಪಕ್ಕದ ಕುರ್ಚಿಯ ಕಾಲು ನೆಲಕ್ಕೆ ಉಜ್ಜಿದ ಸದ್ದಾಯಿತು. ಅಪ್ಪ ಎದ್ದು ಹೊರಗೆ ಹೋದರು. ನೀರು ಕುಡಿಯಲು ಇರಬಹುದು ಎಂದುಕೊಂಡೆ. ಮೆಟ್ಟಿಲ ಮೇಲೆ ಅವರ ಚಪ್ಪಲಿಯ ಸದ್ದು ಇಳಿಯುತ್ತ ಹೋಯಿತು. ಆ ಸದ್ದು ನಿಂತ ಮೇಲೆ ಕಶ್ಯಪ ಸರ್ ಗಂಟಲು ಸರಿಮಾಡಿಕೊಂಡು ಇಡೀ ಕತೆಯನ್ನು ಕನ್ನಡದಲ್ಲಿ ಹೇಳಿದರು. ಜನ ಲೊಚಗುಟ್ಟಿದರು. ಮುಂದೆ ಕೂತಿದ್ದ ಹಿರಿಯರೊಬ್ಬರು ಕನ್ನಡಕ ತೆಗೆದು ಅಂಗಿಯ ತುದಿಯಿಂದ ಒರೆಸಿಕೊಂಡರು. ಅಪ್ಪ ಇದನ್ನು ಕೇಳದೆ ಹೊರಗೆ ಹೋದದ್ದು ನನ್ನ ಪುಣ್ಯ ಎಂದು ನಾನು ಆ ಕ್ಷಣದಲ್ಲಿ ನಿಜವಾಗಿ ಅಂದುಕೊಂಡೆ.

ನಾನು ಎದ್ದೆ. ಆಗ ಅವಳು ತಿರುಗಿ ನೋಡಿದಳು.

ಮೆಟ್ಟಿಲ ತಿರುವಿನಲ್ಲಿ ನನ್ನನ್ನು ಹಿಡಿದುಕೊಂಡಳು. "ಅಶ್ಮಿತಾ, ನಿಲ್ಲು. ಒಂದ್ ಮಾತು ಕೇಳು."

"ಹೆಸರೇನು ನಿನ್ನದು?" ಎಂದೆ.

"ಸೌಜನ್ಯನ. ಅದು ಖರೇ." ಅವಳು ಸೆರಗಿನಂತೆ ದುಪಟ್ಟಾವನ್ನು ಬೆರಳಿಗೆ ಸುತ್ತುತ್ತಿದ್ದಳು. "ಇದು ನನ್ನ ಕೆಲಸ. ಹೊಸಾ ಬ್ಯಾಚಿನಾಗ ಮೊದಲು ನಾ ಎದ್ದ ತಪ್ಪು ಮಾತಾಡ್ಬೇಕು. ಆಮ್ಯಾಲೆ ವಾರಾ ವಾರಾ ಸುಧಾರಿಸ್ಬೇಕು. ಉಳದಾವ್ರಿಗೆ ಧೈರ್ಯ ಬರ್ತದ."

"ನಮ್ಮ ಬ್ಯಾಚಿನಲ್ಲಿ?"

ಅವಳು ದುಪಟ್ಟಾವನ್ನು ಬೆರಳಿಗೆ ಇನ್ನೊಂದು ಸುತ್ತು ಸುತ್ತಿದಳು.

"ನಿನಗೆ ಮೊದಲೇ ಇಂಗ್ಲಿಷ್ ಬರುತ್ತಿತ್ತು."

"ನಾ ಕಾನ್ವೆಂಟಿನಾಗ ಕಲ್ತಾಕಿ."

"ನಿನ್ನ ಅಣ್ಣ? ತಟ್ಟೆ ಹಿಡಿದುಕೊಂಡು ಅಡುಗೆಮನೆಗೆ ಹೋಗುವುದು?"

"ನನಗ ಅಣ್ಣ ಇಲ್ಲ," ಎಂದಳು. "ಅದು ನಿನಗಿಂತ ಹಿಂದಿನ ಬ್ಯಾಚಿನ ಹುಡುಗೀದು."

ಎಷ್ಟೋ ಬೆಳಿಗ್ಗೆ ನಾನು ಬಿಟ್ಟುಕೊಟ್ಟ ಕಿಟಕಿಯ ಜಾಗ ನೆನಪಿಗೆ ಬಂತು. ನಾನು ಆ ಜಾಗ ಕೊಟ್ಟಿದ್ದು ನನಗೆ ಗೊತ್ತೇ ಇಲ್ಲದ ಇನ್ನೊಬ್ಬ ಹುಡುಗಿಗೆ. ಅವಳು ಎಲ್ಲೋ ಈಗಲೂ ನಿಂತೇ ಹೋಗುತ್ತಿರಬಹುದು.

"ನಾ ನಿನ್ನ ಹೆಸರು ಹೇಳಿಲ್ಲಲ್ಲ," ಎಂದಳು ಸೌಜನ್ಯ. "ಹೋಟೆಲ್ ಯಾವುದಂತ ಹೇಳಿಲ್ಲ. ಕಲ್ಯಾಣದಾಗ ಯಾರಿಗೆ ಗೊತ್ತಾಗ್ತದ? ಪೇಪರ್ ತಲಿಕೆಳಗ ಅಂತ ಬದಲಾಯಿಸೀನಿ ಸಹಿತ. ನೀ ಇಲ್ಲಿ ಬರ್ತೀ ಅಂತ ನನಗೇನು ಗೊತ್ತು?"

"ನಾನು ಬಾರದಿದ್ದರೆ ಸರಿಯಾಗುತ್ತಿತ್ತಾ?"

ಅಷ್ಟರಲ್ಲಿ ಕಶ್ಯಪ ಸರ್ ಬಾಗಿಲಿಗೆ ಬಂದರು. ಒಳಗೆ ಯಾರೋ ಗೃಹಿಣಿ ತಡವರಿಸುತ್ತ ಇಂಗ್ಲಿಷಿನಲ್ಲಿ ತನ್ನ ಹೆಸರು ಹೇಳುತ್ತಿದ್ದರು; ಎರಡನೆಯವರಾಗಿ ಎದ್ದವರು ಅವರು.

"ಮೇಡಂ, ಕೋಪ ಮಾಡ್ಕೋಬೇಡಿ," ಎಂದರು ದನಿ ತಗ್ಗಿಸಿ. "ಜನ ತಪ್ಪಿಗಲ್ಲ ಹೆದರೋದು, ಮೊದಲನೆಯವರಾಗೋಕೆ ಹೆದರ್ತಾರೆ. ಒಬ್ರು ದಾರಿ ಮಾಡ್ಕೊಟ್ರೆ ಸಾಕು. ನೋಡಿ, ನಿಮ್ಮ ಬಾಯಿನೂ ಹಾಗೇ ಬಿಟ್ಟಿದ್ದು. ಕೆಲಸ ಮಾಡ್ತೋ ಇಲ್ವೋ ನೀವೇ ಹೇಳಿ."

ಕೆಲಸ ಮಾಡಿತ್ತು.

"ನಿಜವಾದ ಘಟನೆಯೇ ಬೇಕು ಎಂದಿರಿ," ಎಂದೆ. "ಈ ರೂಮಿನಿಂದ ಹೊರಗೆ ಹೋಗುವುದಿಲ್ಲ ಎಂದಿರಿ."

"ನೀವು ಅದನ್ನ ರೂಮಲ್ಲಿ ಹೇಳೇ ಇಲ್ವಲ್ಲ ಮೇಡಂ," ಎಂದರು ಅವರು, ತುಂಬ ಮೃದುವಾಗಿ.

ಸೌಜನ್ಯ ನನ್ನ ತೋಳು ಬಿಟ್ಟಳು. "ಪೇಢೆ ಕೊಟ್ಟ ದಿನಾ ಹೇಳ್ಬೇಕಂತ ಮಾಡಿದ್ದೆ," ಎಂದಳು. "ನೀ ಅಷ್ಟು ಖುಷೀಲೆ ಇದ್ದಿ."

ನಾನು ಅವಳಿಗೆ ಇಂಗ್ಲಿಷಿನಲ್ಲಿ ಉತ್ತರ ಕೊಟ್ಟೆ. ಇನ್ನು ಮುಂದೆ ಥಾಣೆಯಲ್ಲಿ ಬೇರೆ ಡಬ್ಬಿ ಹತ್ತು ಎಂದೆ. ಒಂದೂ ತಪ್ಪಿರಲಿಲ್ಲ, ಗಂಟಲನ್ನೂ ಮುಟ್ಟಿಕೊಳ್ಳಲಿಲ್ಲ. ಆ ವಾಕ್ಯವನ್ನು ನನಗೆ ಸಾಧ್ಯವಾಗಿಸಿದವಳೇ ಅದನ್ನು ಕೇಳಿಸಿಕೊಂಡಳು.

ಅಪ್ಪ ಕೆಳಗೆ ಬೀದಿಬದಿಯ ಚಹಾದ ಗಾಡಿಯ ಬಳಿ ನಿಂತಿದ್ದರು. ಎರಡು ಕಟಿಂಗ್, ಅರ್ಧರ್ಧ ಗ್ಲಾಸು ಚಹಾ, ಹೇಳಿದ್ದರು. ನನ್ನದರ ಮೇಲೆ ಕೆನೆ ಕಟ್ಟಿತ್ತು.

"ಮುಗಿಯಿತಾ?" ಎಂದರು.

"ಅಷ್ಟು ಚೆನ್ನಾಗಿಲ್ಲ ಅಪ್ಪ ಈ ಕ್ಲಾಸು. ನಿಮಗೆ ಬೇಡ. ನಾನೇ ಹೇಳಿಕೊಡ್ತೇನೆ."

"ಆಯ್ತು," ಎಂದರು. "ಮೇಲೆ ಗಾಳಿಯೇ ಇರಲಿಲ್ಲ."

ವಾಪಸು ಬರುವಾಗ ಸ್ಲೋ ಲೋಕಲ್ಲಿನಲ್ಲಿ ಜಾಗ ಸಿಕ್ಕಿತು. ಅಪ್ಪ ಕಿಟಕಿಯ ಬಳಿ ಕೂತರು, ನಾನು ಅವರ ಎದುರು. ಠಾಕುರ್ಲಿಯಲ್ಲಿ ಒಬ್ಬ ಕಡಲೆ ಮಾರುವವನು ಹತ್ತಿದ, ಡೊಂಬಿವಲಿಯಲ್ಲಿ ಇಳಿದ. ಅಪ್ಪ ಹೊರಗೆ ನೋಡುತ್ತಿದ್ದರು. ಸೌಜನ್ಯಳ ಮೇಲಿನ ಸಿಟ್ಟನ್ನು ನಾನು ಮನಸ್ಸಿನಲ್ಲಿ ಕ್ರಮವಾಗಿ ಜೋಡಿಸುತ್ತಿದ್ದೆ. ಅವಳು ಕದ್ದದ್ದು ಯಾವುದು, ನಾನು ಕೊಟ್ಟದ್ದು ಯಾವುದು ಎಂದು ಬೇರ್ಪಡಿಸಲು ನೋಡುತ್ತಿದ್ದೆ. ಒಂದು ಸಮಾಧಾನ ಉಳಿದಿತ್ತು: ಅಪ್ಪನಿಗೆ ತಿಳಿಯಲಿಲ್ಲ.

ದಿವಾ ದಾಟಿದ ಮೇಲೆ ಅಪ್ಪ ಹೊರಗೆ ನೋಡುತ್ತಲೇ ಕೇಳಿದರು. "ಆ ಹುಡುಗಿ ನಿನ್ನ ಫ್ರೆಂಡ್ ಅಲ್ವಾ?"

"ಯಾವ ಹುಡುಗಿ?"

"ಎದ್ದು ನಿಂತವಳು. ಜಡೆಯವಳು. ಹೆಸರು ಬೇರೆ ಹೇಳಿದಳು."

"ನಿಮಗೆ ಹೇಗೆ ಗೊತ್ತು? ನೀವು ಅವಳನ್ನು ಇವತ್ತಿಗೆ ಮೊದಲು ನೋಡಿಯೇ ಇಲ್ಲ."

"ಸ್ವರ ಗೊತ್ತುಂಟಲ್ಲ. ನೀನು ಇಸ್ತ್ರಿ ಹಾಕುವಾಗ ಫೋನಿನಲ್ಲಿ ಕೇಳಿದ್ದೇನೆ," ಎಂದರು.

ಮುಂಬ್ರಾದ ಗುಡ್ಡ ಬಂತು. ಮಳೆಗಾಲದ ಹಸಿರು ಹತ್ತಿಕೊಂಡಿತ್ತು. ಅಪ್ಪ ಜೇಬಿನ ಹೊಸ ಪೆನ್ನನ್ನು ತೆಗೆದು, ಮುಚ್ಚಳ ಬಿಗಿಯಾಗಿದೆಯೇ ಎಂದು ನೋಡಿ, ಮತ್ತೆ ಜೇಬಿಗೆ ಸಿಕ್ಕಿಸಿಕೊಂಡರು.

"ಅವಳು ಹೇಳಿದ್ದು ಒಂದು ಮಾತ್ರ ಸರಿ ಇಲ್ಲ ಮಗಾ," ಎಂದರು. "ಪೇಪರನ್ನು ತಲೆಕೆಳಗೆ ನಾನು ಯಾವತ್ತೂ ಹಿಡಿದದ್ದಿಲ್ಲ."

ಕಳವಾ ಬಂದು ಹೋಯಿತು. ಥಾಣೆಯಲ್ಲಿ ಇಳಿದು, ವರ್ತಕ ನಗರದ ಬಸ್ಸಿಗೆ ಸಾಲಿನಲ್ಲಿ ನಿಂತಾಗ ಅವರು ನನಗೆ ಮುಂದೆ ಜಾಗ ಬಿಟ್ಟು ಹಿಂದೆ ನಿಂತರು.

ಮರುದಿನ ಬೆಳಿಗ್ಗೆ ಅಪ್ಪ ಪೇಪರನ್ನು ಬಾಲ್ಕನಿಗೆ ಒಯ್ಯಲಿಲ್ಲ. ಮುಂದಿನ ಕೋಣೆಯ ತಮ್ಮ ಹಳೆಯ ಕುರ್ಚಿಯಲ್ಲಿ ಕೂತು, ಕನ್ನಡಕ ಹಾಕಿ, ಮೊದಲ ಪುಟ ತೆರೆದರು. ಇನ್ನು ಮರೆಮಾಚಲು ಏನೂ ಉಳಿದಿಲ್ಲ ಎಂಬಂತಿತ್ತು ಆ ಕೂತ ರೀತಿ. ನಾನು ಇಸ್ತ್ರಿ ಮೇಜಿನ ಬಳಿ ನಿಂತು ಎಲ್ಲವನ್ನೂ ಮೊದಲಿನಿಂದ ಪರಿಶೀಲಿಸಿದೆ. ಕೋಟೆಯ ವಕೀಲರು ದಿನವಿಡೀ ಇಂಗ್ಲಿಷ್ ಮಾತನಾಡುತ್ತಿದ್ದ ಟೇಬಲ್ಲುಗಳು. ಸ್ಪೀಕರಿಗೆ ಹಾಕಿದ ಫೋನು. ತಿರುವಿದ ಪುಟ, ಅದರ ಮರುದಿನದ ಸ್ಟೂಲು, ಸೆಖೆ. ಬೇರೆ ಯಾರಿಗೂ ಹೇಳಬೇಡ ಎಂಬ ಮಾತು, ಅದಕ್ಕೆ ನಾನು ಕೊಟ್ಟ ಉತ್ತರ, ಅದಕ್ಕೆ ಅವರೆಂದ "ಸರಿ". ಕುರ್ಚಿಯ ಕಾಲು ಉಜ್ಜಿದ ಸದ್ದು, ಆಮೇಲೆ ಚಪ್ಪಲಿಯ ಸದ್ದು, ಅದೆಲ್ಲ ಮುಗಿದ ಮೇಲೆ ಕನ್ನಡ ಅನುವಾದ.

ಅಪ್ಪನಿಗೆ ಇಂಗ್ಲಿಷ್ ಓದಲು ಬರುವುದಿಲ್ಲ. ಕೇಳಿದರೆ ಪೂರ್ತಿ ಅರ್ಥವಾಗುತ್ತದೆ, ಮತ್ತು ಮಾರ್ಚ್ ತಿಂಗಳ ಆ ಭಾನುವಾರ ನಾನು ಹೇಳಿದ್ದೆಲ್ಲವೂ ಅವರಿಗೆ ಅರ್ಥವಾಗಿತ್ತು.